1969ರ ಭಾರತ: ಪದೇ ಪದೇ ಕೇಳುವ ಪ್ರಶ್ನೆಗಳು

ಅಷ್ಟೆಲ್ಲಾ ವರ್ಷಗಳಿರುವಾಗ 1969 ಯಾಕೆ?

1947, 1975, 1991 ಅಂದ ತಕ್ಷಣ ಎಲ್ಲರಿಗೂ ಏನೋ ಒಂದು ನೆನಪಾಗುತ್ತದೆ. 1969 ಹಾಗಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು "ಬ್ಯಾಂಕ್ ರಾಷ್ಟ್ರೀಕರಣ, 14 ಬ್ಯಾಂಕ್" ಎಂದು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ಆಮೇಲಿನ ಹತ್ತು ವರ್ಷಗಳ ರಾಜಕೀಯದ ಬೀಜ ಬಿದ್ದದ್ದು ಆ ವರ್ಷ. ಬಿದ್ದ ಜಾಗ ದೆಹಲಿ ಅಲ್ಲ, ಬೆಂಗಳೂರಿನ ಲಾಲ್‌ಬಾಗ್. ಇದನ್ನು ನಮ್ಮವರೇ ಜಾಸ್ತಿ ಹೇಳಿಕೊಳ್ಳುವುದಿಲ್ಲ.

ಲಾಲ್‌ಬಾಗಿನಲ್ಲಿ ಏನಾಯಿತು?

1969ರ ಜುಲೈ ಎರಡನೇ ವಾರ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಗಾಜಿನ ಮನೆಯಲ್ಲಿ ನಡೆಯಿತು. ಈಗ ಫಲಪುಷ್ಪ ಪ್ರದರ್ಶನಕ್ಕೆ ಕ್ಯೂ ನಿಲ್ಲುತ್ತೇವಲ್ಲ, ಅದೇ ಗಾಜಿನ ಮನೆ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ. ಇಬ್ಬರಿಗೂ ಆಗಲೇ ಸರಿಹೋಗುತ್ತಿರಲಿಲ್ಲ.

ಇಂದಿರಾ ಮೊದಲ ದಿನ ಬರಲಿಲ್ಲ. ಆರ್ಥಿಕ ನೀತಿಯ ಬಗ್ಗೆ ಒಂದು ಟಿಪ್ಪಣಿ ಬರೆದು ಫಕ್ರುದ್ದೀನ್ ಅಲಿ ಅಹ್ಮದ್ ಅವರ ಕೈಯಲ್ಲಿ ಕಳಿಸಿದರು. ಸುಮ್ನೆ ಹೊಳೆದ ಒಂದಿಷ್ಟು ವಿಚಾರಗಳು ಅನ್ನುವ ಧಾಟಿಯಲ್ಲಿತ್ತು ಅದು. ಅದರಲ್ಲಿ ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಮಾತೂ ಇತ್ತು. ಹಳೆಯ ನಾಯಕರು ಟಿಪ್ಪಣಿಗೆ ಜಾಸ್ತಿ ತಕರಾರು ತೆಗೆಯಲಿಲ್ಲ. ಅವರ ಕಣ್ಣೆಲ್ಲ ಇನ್ನೊಂದರ ಮೇಲಿತ್ತು: ರಾಷ್ಟ್ರಪತಿ ಹುದ್ದೆಗೆ ಯಾರು?

ಜುಲೈ 12ರಂದು ಕಾಂಗ್ರೆಸ್ ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿತು. ಇಂದಿರಾ ಹೇಳಿದ್ದು ಜಗಜೀವನ್ ರಾಮ್ ಹೆಸರನ್ನು. ಅಲ್ಲಿ ಅವರು ಸೋತರು. ಪ್ರಧಾನಿಯ ಮಾತು ಪ್ರಧಾನಿಯ ಪಕ್ಷದಲ್ಲೇ ನಡೆಯಲಿಲ್ಲ. ಅದೂ ಎದುರಿಗೇ.

ರಾಷ್ಟ್ರಪತಿ ಹುದ್ದೆ ಖಾಲಿ ಆದದ್ದು ಹೇಗೆ?

ಮೂರನೇ ರಾಷ್ಟ್ರಪತಿ ಡಾ. ಝಾಕಿರ್ ಹುಸೇನ್ 1969ರ ಮೇ 3ರಂದು ತೀರಿಕೊಂಡರು. ಅಧಿಕಾರದಲ್ಲಿರುವಾಗಲೇ ತೀರಿಹೋದ ಮೊದಲ ರಾಷ್ಟ್ರಪತಿ ಅವರು. ತಾವು ಕಟ್ಟಿ ಬೆಳೆಸಿದ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ಆವರಣದಲ್ಲೇ ಅವರ ಸಮಾಧಿ ಇದೆ. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿ ಆದರು.

ಜುಲೈ 10ರಿಂದ 21ರವರೆಗೆ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಹೇಳಲೇಬೇಕು, ಯಾಕೆಂದರೆ ಇಲ್ಲಿ ದಿನಾಂಕಗಳೇ ಕಥೆ. 12ಕ್ಕೆ ಇಂದಿರಾ ಬೆಂಗಳೂರಿನಲ್ಲಿ ಸೋತರು. ಮಾರನೇ ದಿನವೇ ಗಿರಿ "ನಾನು ಪಕ್ಷೇತರನಾಗಿ ನಿಲ್ಲುತ್ತೇನೆ" ಎಂದರು. 16ಕ್ಕೆ ಇಂದಿರಾ ದೆಹಲಿಯಲ್ಲಿ ಮೊರಾರ್ಜಿ ದೇಸಾಯಿ ಅವರ ಕೈಯಿಂದ ಹಣಕಾಸು ಖಾತೆ ಕಿತ್ತುಕೊಂಡು ತಾವೇ ಇಟ್ಟುಕೊಂಡರು. ಮೊರಾರ್ಜಿ ಉಪಪ್ರಧಾನಿ ಸ್ಥಾನವನ್ನೂ ಬಿಟ್ಟು ಹೊರಟರು. 19, ಶನಿವಾರ: ಸುಗ್ರೀವಾಜ್ಞೆಯಿಂದ 14 ಬ್ಯಾಂಕುಗಳು ಸರ್ಕಾರದ್ದಾದವು. ರಾತ್ರಿ ಇಂದಿರಾ ರೇಡಿಯೋದಲ್ಲಿ ಮಾತಾಡಿದರು. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಸಹಿ ಹಾಕಿದ ಮರುದಿನ, 20ಕ್ಕೆ, ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಒಂದು ದಿನ ಮುಂಚೆ ರಾಜೀನಾಮೆ ಕೊಟ್ಟಿದ್ದರೆ ಸಹಿ ಬೇರೆಯವರದ್ದಾಗುತ್ತಿತ್ತು!

21ರ ಸೋಮವಾರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ ಎಂಟೂವರೆ ಹೊತ್ತಿಗೆ, ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟರು. ಒಂದೇ ವಾರಾಂತ್ಯದಲ್ಲಿ ಬ್ಯಾಂಕು, ರಾಜೀನಾಮೆ, ಚಂದ್ರ. ಪತ್ರಿಕೆಯವರಿಗೆ ಮುಖಪುಟ ಸಾಲದ ದಿನಗಳು.

ಆ 14 ಬ್ಯಾಂಕುಗಳು ಯಾವುವು? ನಮ್ಮವು ಎಷ್ಟು?

50 ಕೋಟಿ ರೂಪಾಯಿಗಿಂತ ಜಾಸ್ತಿ ಠೇವಣಿ ಇದ್ದ ದೇಶೀಯ ಖಾಸಗಿ ಬ್ಯಾಂಕುಗಳನ್ನು ಆರಿಸಿದ್ದರು. ಸೆಂಟ್ರಲ್ ಬ್ಯಾಂಕ್, ಬ್ಯಾಂಕ್ ಆಫ್ ಇಂಡಿಯಾ, ಪಂಜಾಬ್ ನ್ಯಾಷನಲ್, ಬ್ಯಾಂಕ್ ಆಫ್ ಬರೋಡಾ, ಯುನೈಟೆಡ್ ಕಮರ್ಷಿಯಲ್, ಕೆನರಾ, ಯುನೈಟೆಡ್ ಬ್ಯಾಂಕ್, ದೇನಾ, ಸಿಂಡಿಕೇಟ್, ಯೂನಿಯನ್, ಅಲಹಾಬಾದ್, ಇಂಡಿಯನ್ ಬ್ಯಾಂಕ್, ಬ್ಯಾಂಕ್ ಆಫ್ ಮಹಾರಾಷ್ಟ್ರ, ಇಂಡಿಯನ್ ಓವರ್‌ಸೀಸ್. ಸ್ಟೇಟ್ ಬ್ಯಾಂಕ್ ಈ ಪಟ್ಟಿಯಲ್ಲಿ ಇಲ್ಲ. ಅದು 1955ರಲ್ಲೇ ಸರ್ಕಾರದ್ದಾಗಿತ್ತು.

ಎರಡು ಕರಾವಳಿಯವು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ್ದು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದದ್ದು. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅದರ ಸ್ಥಾಪಕರು. ಮನೆ ಬಾಗಿಲಿಗೆ ಬಂದು ದಿನಕ್ಕೆ ನಾಲ್ಕಾಣೆ ಎಂಟಾಣೆ ಕಟ್ಟಿಸಿಕೊಳ್ಳುತ್ತಿದ್ದ ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದು ಅದರಿಂದಲೇ. ಬಡವರಿಗೆ ಬ್ಯಾಂಕ್ ಮುಟ್ಟಿಸುತ್ತೇವೆ ಎಂದು ದೆಹಲಿ ಹೇಳಿದಾಗ, ಅದನ್ನು ನಲವತ್ತು ವರ್ಷದಿಂದ ಮಾಡುತ್ತಿದ್ದ ಬ್ಯಾಂಕೂ ಆ ಪಟ್ಟಿಯಲ್ಲಿತ್ತು. ಇದರಲ್ಲಿ ಸ್ವಲ್ಪ ತಮಾಷೆ ಇದೆ, ಅಲ್ವಾ?

ಜನ ಆಗಾಗ ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಹೆಸರನ್ನೂ 1969ಕ್ಕೆ ಸೇರಿಸುತ್ತಾರೆ. ಅದು ತಪ್ಪು. ಅವು ಸರ್ಕಾರಕ್ಕೆ ಸೇರಿದ್ದು 1980ರ ಎರಡನೇ ಸುತ್ತಿನಲ್ಲಿ. ಈಗ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಮೂರೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಸಿಂಡಿಕೇಟ್ 2020ರಲ್ಲಿ ಪಕ್ಕದ ಮನೆಯ ಕೆನರಾಕ್ಕೇ ಸೇರಿತು.

ರಾಷ್ಟ್ರೀಕರಣದಿಂದ ನಿಜವಾಗಿಯೂ ಏನು ಬದಲಾಯಿತು?

1969ರ ಮಧ್ಯದಲ್ಲಿ ಇಡೀ ದೇಶದಲ್ಲಿ ಇದ್ದದ್ದು 8,262 ಬ್ಯಾಂಕ್ ಶಾಖೆಗಳು. ಸುಮಾರು 65,000 ಜನಕ್ಕೆ ಒಂದು. ಅದರಲ್ಲೂ ಹಳ್ಳಿಗಳಲ್ಲಿ ಇದ್ದದ್ದು ಕಾಲು ಭಾಗಕ್ಕಿಂತ ಕಡಿಮೆ. ಆಮೇಲೆ ಶಾಖೆಗಳು ಹಳ್ಳಿ ಹಳ್ಳಿಗೆ ಹೋದವು. ಜಿಲ್ಲೆಯ ಬ್ಯಾಂಕ್ ಕೆಲಸಕ್ಕೆ ಒಂದು ಬ್ಯಾಂಕ್ ಮುಂದಾಳು ಆಗುವ 'ಲೀಡ್ ಬ್ಯಾಂಕ್' ವ್ಯವಸ್ಥೆಯೂ ಆ ವರ್ಷದ ಕೊನೆಗೇ ಬಂತು. ಬೇಸಾಯಕ್ಕೆ, ಸಣ್ಣ ಕೈಗಾರಿಕೆಗೆ ಸಾಲ ಹುಟ್ಟಿತು.

ಇನ್ನೊಂದು ಮುಖವೂ ಇದೆ. ಸಾಲ ಯಾರಿಗೆ ಅನ್ನುವುದರಲ್ಲಿ ರಾಜಕಾರಣಿಗಳ ಕೈ ಸೇರಿತು. ಸಾಲ ಮೇಳ, ವಸೂಲಾಗದ ಬಾಕಿ ಇವೆಲ್ಲ ಮುಂದಿನ ಕಥೆಗಳು. ಉದ್ದೇಶ ಬಡವರ ಉದ್ಧಾರವೋ ಮೊರಾರ್ಜಿಯನ್ನು ಹೊರಗೆ ಹಾಕುವುದೋ ಎಂದು ಕೇಳಿದರೆ ನನ್ನ ಉತ್ತರ: ಎರಡೂ. ವಿಚಾರ ಹಳೆಯದು, ಮುಹೂರ್ತ ಮಾತ್ರ ರಾಜಕೀಯದ್ದು.

ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತ್ತಂತೆ, ಹೌದೇ?

ಹೌದು. ಸಂಸತ್ತು ಆಗಸ್ಟಿನಲ್ಲಿ ಸುಗ್ರೀವಾಜ್ಞೆಯನ್ನು ಕಾಯ್ದೆ ಮಾಡಿತು. ಆರ್.ಸಿ. ಕೂಪರ್ ಅನ್ನುವ ಷೇರುದಾರರು ಕೋರ್ಟಿಗೆ ಹೋದರು. ವಕೀಲರು ನಾನಿ ಪಾಲ್ಖಿವಾಲಾ. 1970ರ ಫೆಬ್ರವರಿ 10ರಂದು 11 ನ್ಯಾಯಮೂರ್ತಿಗಳ ಪೀಠ 10–1ರಲ್ಲಿ ಕಾಯ್ದೆಯನ್ನು ಹೊಡೆದುಹಾಕಿತು. ಒಪ್ಪದ ಆ ಒಬ್ಬರು ಎ.ಎನ್. ರೇ. ಬಹುಮತದ ಹತ್ತರಲ್ಲಿ ಕಾರ್ಕಳ ಕಡೆಯ ಕೌಡೂರು ಸದಾನಂದ ಹೆಗ್ಡೆ ಅವರೂ ಇದ್ದರು. ನಾಲ್ಕೇ ದಿನಕ್ಕೆ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದು, ಪರಿಹಾರದ ಮೊತ್ತ ಏರಿಸಿ, ಬ್ಯಾಂಕುಗಳನ್ನು ಉಳಿಸಿಕೊಂಡಿತು.

ಒಂದು ತಿಂಗಳು ಮುಖ್ಯ ನ್ಯಾಯಮೂರ್ತಿಯೇ ರಾಷ್ಟ್ರಪತಿ ಆಗಿದ್ದರು ಅನ್ನುವುದು ನಿಜವೇ?

ನಿಜ. ರಾಷ್ಟ್ರಪತಿ ಇಲ್ಲ, ಉಪರಾಷ್ಟ್ರಪತಿ ಗಿರಿಯೂ ರಾಜೀನಾಮೆ ಕೊಟ್ಟರು. ಹಾಗೇನಾದರೂ ಆದರೆ ಯಾರು ಅನ್ನುವುದಕ್ಕೆ ಮೇ ತಿಂಗಳಲ್ಲೇ ಒಂದು ಕಾಯ್ದೆ ಮಾಡಿಟ್ಟಿದ್ದರು. ಅದರಂತೆ ಮುಖ್ಯ ನ್ಯಾಯಮೂರ್ತಿ ಮೊಹಮ್ಮದ್ ಹಿದಾಯತುಲ್ಲಾ ಜುಲೈ 20ರಿಂದ ಆಗಸ್ಟ್ 24ರವರೆಗೆ ಹಂಗಾಮಿ ರಾಷ್ಟ್ರಪತಿ ಆಗಿದ್ದರು. ಅಮೆರಿಕದ ಅಧ್ಯಕ್ಷ ನಿಕ್ಸನ್ ದೆಹಲಿಗೆ ಬಂದದ್ದು ಅದೇ ಹೊತ್ತಿನಲ್ಲಿ. ಬ್ಯಾಂಕ್ ಕಾಯ್ದೆಗೆ ಅಂಕಿತ ಹಾಕಿದ್ದೂ ಅವರೇ. ಹಾಗಾಗಿ ಮುಂದೆ ಆ ಕಾಯ್ದೆಯ ವಿಚಾರಣೆ ನಡೆಸಿದ ಪೀಠದಲ್ಲಿ ಅವರು ಇರಲಿಲ್ಲ. ಜೆ.ಸಿ. ಷಾ ನೇತೃತ್ವ ವಹಿಸಿದರು.

'ಆತ್ಮಸಾಕ್ಷಿಯ ಮತ' ಅಂದರೆ ಏನು? ಪಕ್ಷದ ಅಭ್ಯರ್ಥಿ ಸೋತದ್ದು ಹೇಗೆ?

ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿ. ಅವರ ನಾಮಪತ್ರಕ್ಕೆ ಹೆಸರು ಸೂಚಿಸಿದ್ದು ಸ್ವತಃ ಇಂದಿರಾ. ವಿರೋಧ ಪಕ್ಷಗಳಾದ ಜನಸಂಘ, ಸ್ವತಂತ್ರ ಪಕ್ಷದವರ ಅಭ್ಯರ್ಥಿ ಸಿ.ಡಿ. ದೇಶಮುಖ್. ಮೂರನೆಯವರು ಗಿರಿ.

ಈ ಚುನಾವಣೆಯಲ್ಲಿ ಮತದಾರರು ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಗುರುತು ಹಾಕುತ್ತಾರೆ; ಯಾರೂ ಅರ್ಧ ದಾಟದಿದ್ದರೆ ಕೆಳಗಿನವರ ಮತಗಳ ಎರಡನೇ ಆಯ್ಕೆಯನ್ನು ಎಣಿಸುತ್ತಾರೆ. ನಿಜಲಿಂಗಪ್ಪ ಒಂದು ಲೆಕ್ಕ ಹಾಕಿದರು. ಜನಸಂಘ, ಸ್ವತಂತ್ರದವರ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿಗೆ ಸಿಕ್ಕರೆ ಗೆಲುವು ಗಟ್ಟಿ. ಹೋಗಿ ಅವರ ನಾಯಕರನ್ನು ಕಂಡರು. ಚುನಾವಣೆಯ ಲೆಕ್ಕದಲ್ಲಿ ಸರಿ, ರಾಜಕೀಯದ ಲೆಕ್ಕದಲ್ಲಿ ದೊಡ್ಡ ಎಡವಟ್ಟು. "ನೋಡಿ, ನನ್ನನ್ನು ಕೆಳಗಿಳಿಸಲು ಬಲಪಂಥೀಯರ ಜೊತೆ ಸೇರಿದ್ದಾರೆ" ಅನ್ನಲು ಇಂದಿರಾ ಬಣಕ್ಕೆ ಅಷ್ಟು ಸಾಕಾಯಿತು. ರೆಡ್ಡಿಗೇ ಮತ ಹಾಕಿ ಎಂದು ವಿಪ್ ಕೊಡಲು ಇಂದಿರಾ ಒಪ್ಪಲಿಲ್ಲ. ಆತ್ಮಸಾಕ್ಷಿ ಹೇಳಿದಂತೆ ಹಾಕಿ ಅನ್ನುವ ಮಾತು ಹಬ್ಬಿತು. ಎಲ್ಲರ ಆತ್ಮಸಾಕ್ಷಿಗೂ ಪ್ರಧಾನಿಯ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಿತ್ತು, ಅದು ಬೇರೆ ಮಾತು.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಮೊದಲ ಸುತ್ತಿನಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಯಾರಿಗೂ ಅರ್ಧ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದಾಗ ಗಿರಿ 4,20,077, ರೆಡ್ಡಿ 4,05,427. ನಿಜಲಿಂಗಪ್ಪ ಕೇಳಿದ ಮತಗಳು ಬಂದವು. ಆದರೆ ಸ್ವಲ್ಪದರಲ್ಲಿ ಸಾಲದಾದವು.

ಗಿರಿಗೆ ಕರ್ನಾಟಕದ ನಂಟಿತ್ತೇ?

1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಅವರ ನಂತರ ಬಂದ ರಾಜ್ಯಪಾಲರು ಗೋಪಾಲ ಸ್ವರೂಪ್ ಪಾಠಕ್. 1969ರ ಆಗಸ್ಟ್ ಕೊನೆಗೆ ಪಾಠಕ್ ಉಪರಾಷ್ಟ್ರಪತಿ ಆದರು. ಅಂದರೆ ಆ ಒಂದೇ ವಾರದಲ್ಲಿ ದೇಶದ ಮೊದಲ ಎರಡು ಹುದ್ದೆಗೂ ಬೆಂಗಳೂರಿನ ರಾಜಭವನದಲ್ಲಿ ಇದ್ದವರೇ ಏರಿದರು.

'ಸಿಂಡಿಕೇಟ್' ಅಂದರೆ ಬ್ಯಾಂಕೋ, ಗುಂಪೋ?

ಎರಡೂ, ಅದೇ ಗೊಂದಲ. ಕಾಮರಾಜ್, ನಿಜಲಿಂಗಪ್ಪ, ಅತುಲ್ಯ ಘೋಷ್, ಎಸ್.ಕೆ. ಪಾಟೀಲ್, ಸಂಜೀವ ರೆಡ್ಡಿ ಇವರ ಕೂಟವನ್ನು ಪತ್ರಿಕೆಗಳು ಸಿಂಡಿಕೇಟ್ ಎಂದು ಕರೆಯುತ್ತಿದ್ದವು. ಇಂದಿರಾ ಬಣಕ್ಕೆ ಪ್ರಾಸಕ್ಕಾಗಿ 'ಇಂಡಿಕೇಟ್' ಎಂಬ ಹೆಸರೂ ಬಿತ್ತು. ಮಣಿಪಾಲದ ಬ್ಯಾಂಕಿಗೂ ಈ ಗುಂಪಿಗೂ ಸಂಬಂಧವಿಲ್ಲ.

ಕಾಂಗ್ರೆಸ್ ಒಡೆದದ್ದು ಯಾವತ್ತು?

ನವೆಂಬರ್ 1ರಂದು ದೆಹಲಿಯಲ್ಲಿ ಒಂದೇ ಕಾರ್ಯಕಾರಿ ಸಮಿತಿಯ ಎರಡು ಸಭೆಗಳು ನಡೆದವು. ಒಂದು ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿ ಮನೆಯಲ್ಲಿ. ದಿನಾಂಕ ನೋಡಿ. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ ಬಂದವರು ಇದೇ ನಿಜಲಿಂಗಪ್ಪ. ಹರಿದು ಹಂಚಿಹೋಗಿದ್ದ ನಾಡು ಕೂಡಿದ ದಿನ ಮುಖ್ಯಮಂತ್ರಿ ಆದವರ ಕಣ್ಣೆದುರೇ ಹದಿಮೂರು ವರ್ಷದ ಮೇಲೆ ಅದೇ ತಾರೀಖು ಪಕ್ಷ ಎರಡಾಯಿತು.

ನವೆಂಬರ್ 12ರಂದು ಅವರು ಇಂದಿರಾ ಗಾಂಧಿಯನ್ನು ಪಕ್ಷದಿಂದ ಹೊರಹಾಕಿದರು. ಹಾಲಿ ಪ್ರಧಾನಿಯನ್ನು! ಆದರೆ ಸಂಸದರಲ್ಲಿ ಹೆಚ್ಚಿನವರು ಇಂದಿರಾ ಹಿಂದೆ ಹೋದರು. ಲೋಕಸಭೆಯಲ್ಲಿ 60ಕ್ಕೂ ಹೆಚ್ಚು ಜನ ನಿಜಲಿಂಗಪ್ಪ ಬಣದಲ್ಲಿ, ಅಂದರೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಇಂದಿರಾ ಬಹುಮತ ಕಳೆದುಕೊಂಡರೂ ಡಿಎಂಕೆ ಮತ್ತು ಕಮ್ಯುನಿಸ್ಟರ ಬೆಂಬಲದಿಂದ ಸರ್ಕಾರ ನಡೆಯಿತು. ಇದರಿಂದ ಇನ್ನೊಂದು 'ಮೊದಲು' ಕೂಡ ಆಯಿತು. ಸಂಸ್ಥಾ ಕಾಂಗ್ರೆಸ್ಸಿನ ರಾಮ್ ಸುಭಗ್ ಸಿಂಗ್ ಲೋಕಸಭೆಯ ಮೊದಲ ಅಧಿಕೃತ ವಿರೋಧ ಪಕ್ಷದ ನಾಯಕರಾದರು.

ಮೈಸೂರು ರಾಜ್ಯ ಯಾವ ಕಡೆ ನಿಂತಿತು?

ಮುಖ್ಯಮಂತ್ರಿ ವೀರೇಂದ್ರ ಪಾಟೀಲ್ ಸರ್ಕಾರ ನಿಜಲಿಂಗಪ್ಪ ಅವರ ಕಡೆ. ಗುಜರಾತಿನ ಹಿತೇಂದ್ರ ದೇಸಾಯಿ ಸರ್ಕಾರವೂ ಹಾಗೇ. ಇಲ್ಲಿ ಇಂದಿರಾ ಬಣವನ್ನು ಕಟ್ಟಿದವರು ಡಿ. ದೇವರಾಜ ಅರಸು. ಆಗ ಅವರ ಹಿಂದೆ ದೊಡ್ಡ ತಲೆಗಳು ಇರಲಿಲ್ಲ. 1972ರಲ್ಲಿ ಅರಸು ಮುಖ್ಯಮಂತ್ರಿ. ಹಿಂದುಳಿದ ವರ್ಗಗಳ ರಾಜಕೀಯ, ಭೂಸುಧಾರಣೆ ಎಲ್ಲ ಆಮೇಲಿನದು. ಆ ಬಾಗಿಲು ತೆರೆದದ್ದು 1969ರ ಈ ಜಗಳ.

ರಾಜಕೀಯ ಬಿಟ್ಟು ಬೇರೇನೂ ಆಗಲಿಲ್ಲವೇ?

ಬೇಕಾದಷ್ಟು. ಆಗಸ್ಟ್ 15ರಂದು ವಿಕ್ರಮ್ ಸಾರಾಭಾಯಿ ಮುಂದಾಳತ್ವದಲ್ಲಿ ಇಸ್ರೋ ಹುಟ್ಟಿತು. ಆಗ ಕೆಲಸವೆಲ್ಲ ಕೇರಳದ ತುಂಬಾದಿಂದ ಹಾರಿಸುವ ಸಣ್ಣ ರಾಕೆಟ್ಟುಗಳದ್ದು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿಯ ಯು.ಆರ್. ರಾವ್ ತಂಡ ಆರ್ಯಭಟ ಕಟ್ಟಿದ್ದು ಕೆಲವು ವರ್ಷ ತಡವಾಗಿ.

ಮಾರ್ಚಿನಲ್ಲಿ ದೆಹಲಿ–ಹೌರಾ ನಡುವೆ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಓಡಿತು. ಸುಮಾರು ಹದಿನೇಳೂವರೆ ಗಂಟೆಯ ದಾರಿ, ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ಏಪ್ರಿಲ್‌ನಲ್ಲಿ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯ ಶುರುವಾಯಿತು. ಅಕ್ಟೋಬರ್‌ನಲ್ಲಿ ತಾರಾಪುರದ ಅಣು ವಿದ್ಯುತ್ ಸ್ಥಾವರ ಕೆಲಸ ಶುರು ಮಾಡಿತು, ದೇಶಕ್ಕೆ ಅದೇ ಮೊದಲನೆಯದು. ಕಾಲೇಜಿನಲ್ಲಿ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋಗಿ ಚರಂಡಿ ತೋಡಿದವರು ಯಾರಾದರೂ ಓದುತ್ತಿದ್ದರೆ: ಅದು ಶುರುವಾದದ್ದು ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಆಗಿನ ಶಿಕ್ಷಣ ಸಚಿವರು ಬಳ್ಳಾರಿಯಿಂದ ಗೆದ್ದಿದ್ದ ವಿ.ಕೆ.ಆರ್.ವಿ. ರಾವ್.

ಮದ್ರಾಸ್ ರಾಜ್ಯ ತಮಿಳುನಾಡು ಆದದ್ದು ಆಗಲೇ?

ಹೌದು, ಜನವರಿ 14ರಂದು. ಅದಕ್ಕಾಗಿ ಹೋರಾಡಿದ ಅಣ್ಣಾದುರೈ ಮೂರು ವಾರವೂ ಉಳಿಯಲಿಲ್ಲ. ಫೆಬ್ರವರಿ 3ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅಂತ್ಯಯಾತ್ರೆಗೆ ಸೇರಿದ ಜನಸಾಗರದ ಮಾತನ್ನು ಈಗಲೂ ಆಡುತ್ತಾರೆ. ಕರುಣಾನಿಧಿ ಮೊದಲ ಬಾರಿಗೆ ಮುಖ್ಯಮಂತ್ರಿ ಆದರು. ನಾವು ಕರ್ನಾಟಕ ಅನ್ನಿಸಿಕೊಳ್ಳಲು 1973ರವರೆಗೆ ಕಾಯಬೇಕಾಯಿತು.

ಆ ವರ್ಷದ ಕಹಿ ಘಟನೆಗಳು?

ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬುವ ಹೊತ್ತು. ಅವರ ಆಶ್ರಮವಿದ್ದ ಅಹಮದಾಬಾದಿನಲ್ಲೇ ಸೆಪ್ಟೆಂಬರ್‌ನಲ್ಲಿ ಭೀಕರ ಕೋಮುಗಲಭೆ ನಡೆಯಿತು. ಸರ್ಕಾರಿ ಲೆಕ್ಕದಲ್ಲೇ ಗುಜರಾತಿನಲ್ಲಿ ಸತ್ತವರು 660. ಶತಮಾನೋತ್ಸವಕ್ಕೆ ಬಂದ ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನ್ ಹಬ್ಬದ ಊಟ ಮಾಡಲಿಲ್ಲ, ಮೂರು ದಿನ ಉಪವಾಸ ಕೂತರು.

ತೆಲಂಗಾಣದಲ್ಲಿ ವಿದ್ಯಾರ್ಥಿಗಳು ಪ್ರತ್ಯೇಕ ರಾಜ್ಯಕ್ಕಾಗಿ ಬೀದಿಗಿಳಿದರು, ಗೋಲಿಬಾರಿನಲ್ಲಿ ಹಲವರು ಸತ್ತರು. ಚಂಡೀಗಢ ಪಂಜಾಬಿಗೆ ಸೇರಬೇಕೆಂದು ದರ್ಶನ್ ಸಿಂಗ್ ಫೇರುಮಾನ್ 74 ದಿನ ಉಪವಾಸವಿದ್ದು ಅಕ್ಟೋಬರ್ 27ರಂದು ಪ್ರಾಣಬಿಟ್ಟರು. ಬಂಗಾಳದಲ್ಲಿ ಚಾರು ಮಜುಂದಾರ್ ನೇತೃತ್ವದಲ್ಲಿ ನಕ್ಸಲೀಯರ ಪಕ್ಷವಾದ ಸಿಪಿಐ (ಎಂಎಲ್) ಹುಟ್ಟಿತು. ಮೇ ದಿನದಂದು ಕಲ್ಕತ್ತಾದ ಮೈದಾನದಲ್ಲಿ ಅದರ ಘೋಷಣೆ ಆಯಿತು.

ಕ್ರಿಕೆಟ್ ಬಗ್ಗೆ ಹೇಳದೆ ಬಿಡುತ್ತೀರಾ?

ಭದ್ರಾವತಿಯ ಹುಡುಗನನ್ನು ಬಿಟ್ಟು 1969 ಬರೆಯೋಕಾಗುತ್ತಾ? ನವೆಂಬರ್‌ನಲ್ಲಿ ಕಾನ್ಪುರ, ಎದುರಿಗೆ ಆಸ್ಟ್ರೇಲಿಯಾ. ಇಪ್ಪತ್ತು ವರ್ಷದ ಗುಂಡಪ್ಪ ವಿಶ್ವನಾಥ್ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ. ನಾಯಕ ಪಟೌಡಿ ಬಂದು "ಚಿಂತೆ ಬೇಡ, ನೂರು ಹೊಡೀತೀಯ" ಎಂದು ಧೈರ್ಯ ತುಂಬಿದ್ದನ್ನು ವಿಶಿ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. ಎರಡನೇ ಇನ್ನಿಂಗ್ಸಿನಲ್ಲಿ 137. ಮೊದಲ ಟೆಸ್ಟಿನಲ್ಲಿ ಶತಕ ಹೊಡೆದ ಭಾರತೀಯರು ಮತ್ತೆ ಶತಕ ಹೊಡೆಯುವುದಿಲ್ಲ ಅನ್ನುವ ಒಂದು ಅಪಶಕುನದ ಮಾತಿತ್ತು ಆಗ. ಅದನ್ನು ಮುರಿದದ್ದೂ ಅವರೇ. ಸರಣಿಯನ್ನು ಭಾರತ 3–1ರಲ್ಲಿ ಸೋತಿತು. ಆದರೆ ಪ್ರಸನ್ನ 26 ವಿಕೆಟ್ ಕಿತ್ತರು.

ಅದೇ ವರ್ಷ ಆಗಸ್ಟ್ 31ಕ್ಕೆ ಮೈಸೂರಿನಲ್ಲಿ ಜಾವಗಲ್ ಶ್ರೀನಾಥ್ ಹುಟ್ಟಿದರು. ಡಿಸೆಂಬರ್ 11ಕ್ಕೆ ಚೆಸ್‌ನ ವಿಶ್ವನಾಥನ್ ಆನಂದ್.

ಸಿನಿಮಾ ಮಂದಿ?

ಮಧುಬಾಲಾ ಫೆಬ್ರವರಿಯಲ್ಲಿ 36ನೇ ವಯಸ್ಸಿಗೇ ಹೋದರು. ನವೆಂಬರ್‌ನಲ್ಲಿ ಅಮಿತಾಭ್ ಬಚ್ಚನ್ ನಟಿಸಿದ ಮೊದಲ ಚಿತ್ರ ಬಂತು, ಜಾಸ್ತಿ ಜನ ಗಮನಿಸಲಿಲ್ಲ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದದ್ದು ಈ ವರ್ಷದ ಲೆಕ್ಕಕ್ಕೇ. ಮೊದಲು ಪಡೆದವರು ದೇವಿಕಾ ರಾಣಿ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದವರು.

1969ರಲ್ಲಿ ಸೋತವರು ಆಮೇಲೆ ಏನಾದರು?

ಮೊರಾರ್ಜಿ 1977ರಲ್ಲಿ ಇಂದಿರಾ ಸೋತಾಗ ಪ್ರಧಾನಿಯಾದರು. ಸಂಜೀವ ರೆಡ್ಡಿ ಅದೇ ವರ್ಷ ಲೋಕಸಭೆಯ ಸ್ಪೀಕರ್ ಆಗಿ, ಜುಲೈನಲ್ಲಿ ಅವಿರೋಧವಾಗಿ ರಾಷ್ಟ್ರಪತಿ ಆದರು. ಬೆಂಗಳೂರಿನಲ್ಲಿ ಹೆಸರು ಬಂದು ಎಂಟು ವರ್ಷದ ಮೇಲೆ! ಅವರು ತೆರವು ಮಾಡಿದ ಸ್ಪೀಕರ್ ಕುರ್ಚಿಗೆ ಬಂದವರು ಬ್ಯಾಂಕ್ ತೀರ್ಪಿನ ಕೆ.ಎಸ್. ಹೆಗ್ಡೆ. ನಿಜಲಿಂಗಪ್ಪ ನಿಧಾನವಾಗಿ ಅಧಿಕಾರದ ರಾಜಕೀಯದಿಂದ ದೂರ ಸರಿದರು. 2000ದ ಆಗಸ್ಟ್‌ನಲ್ಲಿ, 97ನೇ ವಯಸ್ಸಿನಲ್ಲಿ, ಚಿತ್ರದುರ್ಗದಲ್ಲಿ ತೀರಿಕೊಂಡರು.

ವೀರೇಂದ್ರ ಪಾಟೀಲರದ್ದು ಎಲ್ಲಕ್ಕಿಂತ ವಿಚಿತ್ರ. 1978ರಲ್ಲಿ ಇಂದಿರಾ ಮತ್ತೆ ಸಂಸತ್ತಿಗೆ ಹೋಗಲು ಚಿಕ್ಕಮಗಳೂರಿಗೆ ಬಂದಾಗ ಅವರ ವಿರುದ್ಧ ನಿಂತು ಸೋತವರು ಇದೇ ಪಾಟೀಲರು. ಸ್ವಲ್ಪ ಕಾಲದ ಮೇಲೆ ಅವರೂ ಇಂದಿರಾ ಕಾಂಗ್ರೆಸ್ಸಿಗೇ ಸೇರಿದರು. 1989ರಲ್ಲಿ ಆ ಪಕ್ಷದಿಂದಲೇ ಮತ್ತೆ ಮುಖ್ಯಮಂತ್ರಿ ಆದರು.